ಅಪ್ಪ ತಂದುಕೊಟ್ಟ ಹುಳುಗಳು

ಬೆಂಗಳೂರು,
22 ಸೆಪ್ಟೆಂಬರ್ 2024

ಪ್ರೀತಿಯ ಅಪ್ಪನಿಗೆ, ನಿನ್ನ ಚೈತ್ರಳ ನಮಸ್ಕಾರ.

ನೀನು ಕಾಲೇಜಿಗೆ ಬಂದು ಹೋದ ಮೇಲೆ ನಾನು ಒಂದು ಫೋನೂ ಮಾಡಲಿಲ್ಲ, ಕ್ಷಮಿಸು. ಅಮ್ಮನೇ ಫೋನ್ ಮಾಡಿದಾಗ ಪರೀಕ್ಷೆ ಅಂತ ಸುಳ್ಳು ಹೇಳಿದೆ. ಫೋನಿನಲ್ಲಿ ಮಾತಿಗಿಂತ ಮೊದಲು ಅಳು ಬರುತ್ತದೆ, ಅದಕ್ಕೇ ಈ ಕಾಗದ.

ಎಂಎಸ್ಸಿಗೆ ಬಂದವಳು ರೇಷ್ಮೆ ಹುಳುವಿನ ರೋಗದ ಹಿಂದೆ ಯಾಕೆ ಬಿದ್ದೆ ಅಂತ ಇಲ್ಲಿ ಎಲ್ಲರೂ ಕೇಳುತ್ತಾರೆ. ಅದನ್ನು ನಾನು ಕಾಲೇಜಿನಲ್ಲಿ ಆರಿಸಿಕೊಂಡಿದ್ದಲ್ಲ. ಸ್ಕೂಲಿನಿಂದ ಬಂದವಳೇ ಚೀಲ ಎಸೆದು ನಿನ್ನ ಹಿಂದೆ ಹುಳುಮನೆಗೆ ನುಗ್ಗುತ್ತಿದ್ದೆ. ಮೈ ಊದಿಕೊಂಡು ಹಳದಿಗೆ ತಿರುಗಿದ ಹುಳುಗಳನ್ನು ಹುಡುಕಿಕೊಡುವುದು ನನ್ನ ಕೆಲಸ. ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ನೀರು ಸುರಿಯುತ್ತಿತ್ತು. ಯಾಕೆ ಹೀಗಾಗುತ್ತೆ ಅಂತ ನಿನ್ನ ತಲೆ ತಿನ್ನುತ್ತಿದ್ದೆ. "ನಂಗೇನವ್ವ ಗೊತ್ತು, ನೀನೇ ಓದಿ ಹೇಳ್ಕೊಡು" ಅನ್ನುತ್ತಿದ್ದೆ ನೀನು.

ಪ್ರಮೋದಾ ಮೇಡಂ ಪಾಠದಲ್ಲಿ ಆ ರೋಗದ ಚಿತ್ರ ತೋರಿಸಿದಾಗ "ಹಾಲುತೊಂಡೆ!" ಅಂತ ಊರಿನವರು ಕರೆಯುವ ಹೆಸರನ್ನೇ ಕೂಗಿದವಳು ನಾನೊಬ್ಬಳೇ. ಹುಡುಗರೆಲ್ಲ ನಕ್ಕರು. ಮೇಡಂ ನಗಲಿಲ್ಲ, ಅದನ್ನೇ ನನ್ನ ಪ್ರಾಜೆಕ್ಟ್ ಮಾಡಿಬಿಟ್ಟರು. ರೋಗ ಬಿದ್ದ ಹುಳು ಬೇಕು, ನಿಮ್ಮ ಮನೆಯದೇ ಆದರೆ ಒಳ್ಳೆಯದು ಅಂದರು.

ಅವತ್ತಿನಿಂದ ನಿನ್ನ ಪ್ರಾಣ ಹಿಂಡಿದೆ. ಊಟ ಆಯಿತಾ ಅಂತ ಕೇಳುವ ಮೊದಲೇ "ರೋಗ ಬಿತ್ತೇನಪ್ಪಾ?" ಅನ್ನುವುದು. "ಬಿಡ್ತು ಅನ್ನವ್ವ! ಈ ಸಲ ಹುಳ ಬಂಗಾರ್ದಂಗೈತೆ" ಅಂತ ನೀನು ಅಲ್ಲಿ ಹಿಗ್ಗುತ್ತಿದ್ದರೆ ಇಲ್ಲಿ ನನ್ನ ಮುಖ ಸಪ್ಪಗಾಗುತ್ತಿತ್ತು. ಎಂಥ ಮಗಳು ನೋಡು.

ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ ನೀನು ಫೋನ್ ಮಾಡಿದೆ. "ಎಲ್ಲಾ ಹೋಯ್ತು ಕಣವ್ವ. ಹಾಲುತೊಂಡೆ." ಅದಕ್ಕೆ ನಾನು ಏನಂದೆ? "ಅಬ್ಬಾ, ಕೊನೆಗೂ ಸಿಕ್ತು! ಎಲ್ಲಾ ಬಿಸಾಕ್ಬೇಡ, ಡಬ್ಬಿಗೆ ಹಾಕ್ಕೊಂಡು ಬಾ." "ಆಯ್ತವ್ವ, ತರ್ತೀನಿ" ಅಂದು ನೀನು ಫೋನ್ ಇಟ್ಟೆ. ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು.

ಮರುದಿನ ನೀನು ಊರಿನಲ್ಲಿ ಬಸ್ಸು ಹತ್ತಿ, ದೇವನಹಳ್ಳಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಬಂದೆ. ಉಳಿದ ಹುಳುವನ್ನೆಲ್ಲ ಸುಣ್ಣ ಹಾಕಿ ಹೂತು ಬಂದಿದ್ದೆ, ಉಗುರಿನ ಸಂದಿಯಲ್ಲಿ ಸುಣ್ಣ ಇನ್ನೂ ಇತ್ತು. ಡಬ್ಬಿ ತೆಗೆದು ನೋಡಿ ಮೇಡಂ ಖುಷಿಪಟ್ಟರು, ನಾನಂತೂ ಕುಣಿದಾಡಿದೆ. "ಇಷ್ಟು ಸಾಕಾಗುತ್ತಾ ಮೇಡಂ?" ಅಂತ ಕೇಳಿದೆ ನೀನು. ಕಾಫಿಯನ್ನೂ ಕುಡಿಯದೆ ಹೊರಟೆ. ನಾನು ಗೇಟಿನವರೆಗೂ ಬರಲಿಲ್ಲ. ಕೈಗೆ ಬಂದ ಬೆಳೆ ಕಳಕೊಂಡವನಿಗೆ ಒಂದು ಸಮಾಧಾನದ ಮಾತೂ ಹೇಳಲಿಲ್ಲ. ನೆನೆಸಿಕೊಂಡರೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನ ಮಂಡಿಗೆ ಎಣ್ಣೆ ಹಚ್ಚಿಕೊಳ್ಳಲು ಹೇಳು. ನಿಮ್ಮಿಬ್ಬರ ಆಶೀರ್ವಾದ ನನ್ನ ಮೇಲಿರಲಿ. ಬೈಯಬೇಕು ಅನ್ನಿಸಿದರೆ ಮೊದಲು ಬೈದು, ಆಮೇಲೆ ಹರಸಿದರೂ ಸರಿ.

ನಿನ್ನ ಮಗಳು,
ಚೈತ್ರ

ತಾ.ಕ.: ಕಾಗದ ಮುಗಿಸಿ, ಧೈರ್ಯ ಮಾಡಿ ಅಮ್ಮನಿಗೆ ಫೋನ್ ಮಾಡಿದೆ. ನನಗೆ ಹೇಳಬಾರದು ಅಂತ ನೀನು ಆಣೆ ಹಾಕಿಸಿಕೊಂಡಿದ್ದೆಯಂತೆ, ಆದರೂ ಬಾಯಿಬಿಟ್ಟಳು. "ಮೊದ್ಲು ನಾಕೈದು ಹುಳಕ್ಕೆ ಬಿದ್ದಿದ್ದು ಕಣೇ. ಎತ್ತಿ ಎಸೀರಿ ಅಂದೆ. ಮಗಳು ಕೇಳವ್ಳೆ, ಭಾನುವಾರ ಕೊಟ್ಬರ್ತೀನಿ, ಅಲ್ಲೀಗಂಟ ಜೀವ ಇರ್ಲಿ ಅಂತ ನಿಮ್ಮಪ್ಪ ಮೂಲೆ ತಟ್ಟೇಲಿ ಇಟ್ಕೊಂಡು ಸೊಪ್ಪು ಹಾಕಿದ್ರು. ಅದೇ ಕೈಲಿ ಎಲ್ಲಾದ್ಕೂ ಹಾಕಿದ್ರು." ನಮ್ಮ ಹುಳುಮನೆಯಲ್ಲಿ ರೋಗ ಹೇಗೆ ಹರಡಿತು ಅಂತ ನಾನು ಪ್ರಾಜೆಕ್ಟಿನಲ್ಲಿ ಬರೆಯಬೇಕು. ಏನಂತ ಬರೆಯಲಿ ಅಪ್ಪಾ?