ಮೂರನೇ ದಿನದ ಅಜ್ಜಿ

ನವೆಂಬರ್ 9, ಭಾನುವಾರ. ಸಂಜೆ 5

ಹದಿನಾಲ್ಕು ಲೈಫ್ ಜಾಕೆಟ್ ಕೊಟ್ಟೆ, ಹದಿಮೂರು ವಾಪಸ್ ಬಂದವು. ಒಬ್ಬರು ಅದನ್ನು ಹಾಕಿಕೊಂಡೇ ಊಟಕ್ಕೆ ಕೂತಿದ್ದರು! ಮೂರನೇ ದಿನದ ಹೊತ್ತಿಗೆ ಎಲ್ಲ ಗ್ರೂಪಿನ ಗತಿಯೂ ಇಷ್ಟೇ. ಟೂರಿನ ಮೊದಲ ದಿನ ನೀರುನಾಯಿ, ಎರಡನೇ ದಿನ ಮೊಸಳೆ ಮತ್ತು ಹಕ್ಕಿ, ಮೂರನೇ ದಿನ 'ಕಣಿವೆಯ ಜನಜೀವನ' — ಅಂದರೆ ನಮ್ಮ ಅಜ್ಜಿಯ ಮನೆ. ನಿನ್ನೆ ಮೊಸಳೆ ಸಿಗಲಿಲ್ಲ. ದೂರದಲ್ಲಿ ತೇಲುತ್ತಿದ್ದ ಮರದ ದಿಮ್ಮಿ ತೋರಿಸಿದೆ. ದೋಣಿಯಣ್ಣ ಕೆಮ್ಮಿದ. ಗೆಸ್ಟ್‌ಗಳು ದಿಮ್ಮಿಯ ಫೋಟೋ ಹೊಡೆದುಕೊಂಡು ಖುಷಿಯಾಗಿ ಬಂದರು.

ಅಜ್ಜಿ ಎಂದಿನಂತೆ ಬಾಗಿಲ ಮುಂದಿನ ಬೆಂಚಿನ ಮೇಲೆ ಕೂತು ಬಲೆ ಸರಿಮಾಡುತ್ತ ಹೊಳೆ ಮಾತಿನಲ್ಲಿ, ಅಂದರೆ ನಮ್ಮ ಜನರ ಹಳೆಯ ಭಾಷೆಯಲ್ಲಿ, ಏನೋ ಹೇಳುವುದು, ನಾನು ಪೇಟೆ ಮಾತಿಗೆ ತಿರುಗಿಸುವುದು. ನನಗೆ ಹೊಳೆ ಮಾತು ಬರುವುದು ಮೂವತ್ತು ಪದ, ಅದರಲ್ಲೂ ಅರ್ಧ ಬೈಗುಳ. ಬೆಳೆದದ್ದೆಲ್ಲ ಪೇಟೆಯ ಹಾಸ್ಟೆಲಿನಲ್ಲಿ. 'ಕೇಳಿದರೆ ಅರ್ಥವಾಗುತ್ತೆ, ಮಾತಾಡೋಕೆ ಬರಲ್ಲ' ಎಂದು ಗೆಸ್ಟ್‌ಗಳಿಗೆ ಹೇಳಿಬಿಟ್ಟು ಬಾಯಿಗೆ ಬಂದದ್ದು ಹೇಳುತ್ತೇನೆ. ಇವತ್ತು ಅಜ್ಜಿ ಎರಡು ನಿಮಿಷ ಮಾತಾಡಿದಳು. "ಈ ಹೊಳೆ ಹರಿಯೋವರೆಗೂ ನಾವೂ ಇರ್ತೀವಿ ಅಂತಿದ್ದಾರೆ" ಎಂದೆ. ಬರೆದುಕೊಂಡರು. ಆಮೇಲೆ ಕೇಳಿದರೆ ಅಜ್ಜಿ, ನನ್ನ ಜೊತೆ ಆಡುವ ಪೇಟೆ ಮಾತಿನಲ್ಲಿ, "ಆ ಕೆಂಪು ಟೋಪಿಯವನ ಮೂಗು ನೋಡಿದ್ಯಾ? ಮೂಗು ಒಳಗೆ ಬಂದ ಮೇಲೆ ಅವನು ಬರ್ತಾನೆ, ಅಂದೆ" ಎಂದಳು.

ಚಿಕ್ಕಜ್ಜಿ ಇರಲಿಲ್ಲ. ಅಜ್ಜಿಯ ತಂಗಿ. ಕಣ್ಣಿನ ಆಪರೇಷನ್‌ಗೆ ಪೇಟೆ ಆಸ್ಪತ್ರೆಯಲ್ಲಿದ್ದಾಳೆ. ಬೆಂಚಿನ ಅರ್ಧ ಖಾಲಿ ಇತ್ತು. ರಿಟೈರ್ಡ್ ಮೇಷ್ಟ್ರೊಬ್ಬರು, ಕನ್ನಡಕ ಒರೆಸಿಕೊಂಡು, "ಈ ಭಾಷೆ ಆಡೋರು ಇನ್ನೆಷ್ಟು ಜನ ಇದ್ದಾರಮ್ಮಾ?" ಎಂದರು. ಬೆಳಗಿನಿಂದ ಮಾತಾಡಿ ಗಂಟಲು ಕಟ್ಟಿತ್ತು. ಬೆಂಚು ನೋಡಿದೆ. "ಇವರೊಬ್ಬರೇ" ಎಂದೆ.

"ಕೊನೆಯವರಾ?"

"ಕೊನೆಯವರು ಸರ್."

ಮೇಷ್ಟ್ರ ಕಣ್ಣು ತುಂಬಿತು. ತಿದ್ದಲು ಅರ್ಧ ನಿಮಿಷ ಸಾಕಿತ್ತು. ಅಷ್ಟರಲ್ಲಿ ಬಸ್ಸಿನವನು ಹಾರ್ನ್ ಹೊಡೆದ.

ನವೆಂಬರ್ 15, ಶನಿವಾರ

ಮೇಷ್ಟ್ರು ಉದ್ದ ರಿವ್ಯೂ ಬರೆದಿದ್ದಾರೆ. 'ಕೊನೆಯ ಧ್ವನಿಯನ್ನು ಕೇಳಿ ಬಂದೆ.' ನೀರುನಾಯಿ, ಹಕ್ಕಿ ಎಲ್ಲ ಒಂದೊಂದು ಸಾಲು. ಅಜ್ಜಿಗೆ ಒಂದು ಪುಟ. ಫೆಬ್ರವರಿವರೆಗೆ ಸೀಟು ಫುಲ್.

ಬಾಸ್ ಕರೆಸಿದರು. "ಇಂಥ ವಿಷಯ ಇಷ್ಟು ದಿನ ಹೊಟ್ಟೇಲಿ ಇಟ್ಕೊಂಡಿದ್ಯಲ್ಲಮ್ಮಾ?"

"ಸರ್, ನಿಜವಾಗಿ ಇಬ್ಬರಿದ್ದಾರೆ. ಅಕ್ಕ-ತಂಗಿ."

"ಇಬ್ಬರು ಅಂದ್ರೆ ಯಾರು ಬರ್ತಾರೆ? ನಾಳೆ ಮೂವರು ಅಂತೀಯ." ಆಮೇಲೆ ಮೆಲ್ಲಗೆ, "ಜನವರಿಗೆ ಹೆಡ್ ಗೈಡ್ ಜಾಗ ಖಾಲಿ ಆಗುತ್ತೆ. ನೋಡೋಣ" ಎಂದರು.

ಅವರ ಬಾಯಲ್ಲಿ 'ನೋಡೋಣ' ಬಂದರೆ ಅರ್ಧ ಕೆಲಸ ಆದಂತೆ. ಎಂಟು ವರ್ಷದಿಂದ ಜಾಕೆಟ್ ಎಣಿಸುತ್ತಿದ್ದೇನೆ.

ನವೆಂಬರ್ 23, ಭಾನುವಾರ. ರಾತ್ರಿ 8

ಚಿಕ್ಕಜ್ಜಿ ಬಂದು ವಾರವಾಯಿತು. ಕಪ್ಪು ಕನ್ನಡಕ. ಇಬ್ಬರೂ ಬೆಳಗಾಗುವುದೇ ತಡ, ಬೆಂಚಿನ ಮೇಲೆ ಕೂತು ಶುರು. ಅಷ್ಟು ಮಾತು ಎಲ್ಲಿಂದ ಬರುತ್ತದೋ. ಎಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದವರು, ಇನ್ನೂ ಒಬ್ಬರಿಗೊಬ್ಬರು ಹೇಳುವುದು ಮುಗಿದಿಲ್ಲ.

ಇವತ್ತು ಗ್ರೂಪ್ ಬರುವ ಮುಂಚೆ ಚಿಕ್ಕಜ್ಜಿಯನ್ನು ಮನೆ ಹಿಂದಿನ ದೋಣಿ ಶೆಡ್ಡಿಗೆ ಕಳಿಸಿದೆ. ಅಜ್ಜಿ, "ಅವಳ್ಯಾಕೆ ಅಡಗಿಕೊಳ್ಬೇಕು? ಏನು ಕದ್ದಿದ್ದಾಳೆ?" ಎಂದಳು.

"ಒಂದು ಗಂಟೆ ಅಷ್ಟೇ ಅಜ್ಜಿ. ನನ್ನ ಕೆಲಸದ ಪ್ರಶ್ನೆ."

ಅಜ್ಜಿ ಬೆಂಚಿನಲ್ಲಿ ಏನೋ ಅಂದದ್ದಕ್ಕೆ ಶೆಡ್ಡಿನಿಂದ ಕಿಲಕಿಲ ನಗು. "ಯಾರದು?" ಎಂದು ಗೆಸ್ಟ್ ಒಬ್ಬರು. "ಪಕ್ಕದ ಮನೆಯವರು. ತಲೆ ಸರಿ ಇಲ್ಲ, ಪಾಪ" ಎಂದೆ. ಅಷ್ಟಕ್ಕೆ ಮುಗಿಯಲಿಲ್ಲ. ಚಿಕ್ಕಜ್ಜಿ ಒಳಗಿನಿಂದಲೇ ಉತ್ತರ ಕೊಟ್ಟಳು. ಅಜ್ಜಿ ಅದಕ್ಕೆ ಇನ್ನೊಂದು ಸೇರಿಸಿದಳು. ಇಬ್ಬರಿಗೂ ಮಜಾ. ಎದ್ದು ಹೋಗಿ ಶೆಡ್ಡಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದೆ. ಎರಡು ಸಲ ಬಡಿದಳು. ಆಮೇಲೆ ಸದ್ದಿಲ್ಲ.

ಬಸ್ಸು ಹೋದ ಮೇಲೆ ತೆಗೆದೆ. ಮಗುಚಿದ ದೋಣಿಯ ಮೇಲೆ ಕೂತಿದ್ದಳು, ಕನ್ನಡಕ ಕೈಯಲ್ಲಿ. ನನಗೆ ಏನೋ ಹೇಳಿದಳು. ಅಜ್ಜಿಯನ್ನು ಅರ್ಥ ಕೇಳಲಿಲ್ಲ. ನಾಚಿಕೆಯಾಯಿತು, ಸಿಟ್ಟೂ ಬಂತು. ಸಿಟ್ಟೇ ಹೆಚ್ಚು.

ನವೆಂಬರ್ 26, ಬುಧವಾರ

ಚಿಕ್ಕಜ್ಜಿಗೆ ಬಾಸ್ ಒಂದು ದಾರಿ ಹುಡುಕಿದ್ದಾರೆ. ಪೇಟೆಯಲ್ಲಿ ಅವರ ಪರಿಚಯದವರ ವೃದ್ಧಾಶ್ರಮ. "ಸೀಸನ್ ಮುಗಿಯೋವರೆಗೆ ಅಷ್ಟೇ. ಊಟ, ಹಾಸಿಗೆ, ಡಾಕ್ಟರು, ಎಲ್ಲ ಇದೆ. ನಿಮ್ಮ ಮನೆಗಿಂತ ಚೆನ್ನಾಗಿರ್ತಾರೆ."

ಒಂದು ಲೆಕ್ಕದಲ್ಲಿ ನಿಜವೇ. ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಡ್ರಾಪ್ಸ್ ಹಾಕುವವರಾರು ಇಲ್ಲಿ?

ನವೆಂಬರ್ 29, ಶನಿವಾರ

ಚಿಕ್ಕಜ್ಜಿಯನ್ನು ಆಶ್ರಮದಲ್ಲಿ ಬಿಟ್ಟು ಬಂದೆ. ಇಬ್ಬರಿಗೂ 'ಕಣ್ಣಿನ ಚೆಕಪ್, ಹದಿನೈದು ದಿನ' ಎಂದು ಹೇಳಿದ್ದೆ. ಅಜ್ಜಿ ಎರಡು ಜೊತೆ ಬಟ್ಟೆ, ಬಾಚಣಿಗೆ ಕಟ್ಟಿಕೊಟ್ಟಳು. ಬಸ್ಸಿನಲ್ಲಿ ಚಿಕ್ಕಜ್ಜಿ ದಾರಿಯುದ್ದಕ್ಕೂ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು.

ಅವಳಿಗೆ ಪೇಟೆ ಮಾತಿನಲ್ಲಿ ಬರುವುದು ಮೂರೇ: ಬೇಡ, ಸಾಕು, ಎಷ್ಟು. ಉಳಿದದ್ದೆಲ್ಲ ಜೀವಮಾನವಿಡೀ ಅವಳ ಪರವಾಗಿ ಅಜ್ಜಿಯೇ ಆಡಿದ್ದು. ಆಶ್ರಮದ ಮೇಟ್ರನ್ ಹೆಸರು ಕೇಳಿದರು. "ಸಾಕು" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಗೇಟಿನ ಹತ್ತಿರ ತಿರುಗಿ ನೋಡಿದೆ. ಮಂಚದ ಮೇಲೆ ಗಂಟು ತೊಡೆಯಲ್ಲಿಟ್ಟುಕೊಂಡು ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು.

ಡಿಸೆಂಬರ್ 7, ಭಾನುವಾರ

ಅಜ್ಜಿ ಬಾಯಿ ಬಿಡಲಿಲ್ಲ. ಇಪ್ಪತ್ತು ಜನರ ಗ್ರೂಪ್. ಬಲೆ, ದಾರ, ತಲೆ ತಗ್ಗಿಸಿ ಕೂತಳು. ಏನಾದರೂ ಹೇಳಲೇಬೇಕಲ್ಲ. "ಮಾತಾಡೋಕೆ ಇನ್ನೊಬ್ಬರಿಲ್ಲ. ಅದಕ್ಕೇ ಇವರು ಮಾತು ಬಿಡ್ತಿದ್ದಾರೆ" ಎಂದೆ. ಇಬ್ಬರು ಹೆಂಗಸರು ಅತ್ತರು.

ಗೆಸ್ಟ್‌ಗಳಿಗೆ ನಾನು ಮೊದಲ ಸಲ ನಿಜ ಹೇಳಿದ್ದೆ. ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಯಾಕೋ ಕಿಟಕಿ ತೆರೆದು ಕೂತೆ.

ಡಿಸೆಂಬರ್ 14, ಭಾನುವಾರ. ಸಂಜೆ 6

ಹದಿನೈದು ದಿನ ಆಯಿತೆಂದು ಅಜ್ಜಿ ಬೆಳಿಗ್ಗೆಯೇ ದಾರಿಗೆ ಬಂದು ನಿಂತಿದ್ದಳು. ಅತ್ತ ಬಾಸ್, 'ಮೌನ ಒಂದು ಸಲ ಚೆಂದ, ದುಡ್ಡು ಕೊಟ್ಟವರು ರೆಕಾರ್ಡ್ ಮಾಡ್ಕೊಳ್ಳೋಕೆ ಬರೋದು' ಎಂದು ಫೋನಿನಲ್ಲಿ ರೇಗಿದ್ದರು. ಅಜ್ಜಿಗೆ ಹೇಳಿದೆ — "ಡಾಕ್ಟರು ಇನ್ನೂ ಬಿಟ್ಟಿಲ್ಲ. ನೀನು ಗೆಸ್ಟ್ ಮುಂದೆ ಹತ್ತು ನಿಮಿಷ ಮಾತಾಡು. ಬಸ್ ಹೋದ ಮೇಲೆ ಅವಳಿಗೆ ಫೋನ್ ಮಾಡಿ ಕೊಡ್ತೀನಿ."

"ಎಷ್ಟು ಹೊತ್ತು?"

"ಹತ್ತಕ್ಕೆ ಹತ್ತು."

"ಹದಿನೈದು. ಇಲ್ಲಾಂದ್ರೆ ನಾನು ಒಳಗೆ ಹೋಗ್ತೀನಿ."

ಒಪ್ಪಿದೆ. ಗೆಸ್ಟ್ ಮುಂದೆ ಗಡಿಯಾರ ನೋಡುತ್ತ ಮಾತಾಡಿದಳು. ಬಸ್ಸು ತಿರುಗುವ ಮುಂಚೆಯೇ ಕೈ ಚಾಚಿದಳು. ಪೇಟೆ ದೂರವೆಂದು ಫೋನಿಗೆ ಕಿರುಚಿಯೇ ಮಾತಾಡಿದಳು. ಅತ್ತಲಿಂದ ಚಿಕ್ಕಜ್ಜಿಯೂ ಕಿರುಚುತ್ತಿದ್ದಳು. ಇಬ್ಬರೂ ಅಳುತ್ತ ನಗುತ್ತ. ಹದಿನೈದು ನಿಮಿಷಕ್ಕೆ ಕಟ್ ಮಾಡಿದೆ. ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೂ ಮಾಡಿದೆ. ಸಡಿಲ ಬಿಟ್ಟರೆ ಮುಂದಿನ ವಾರ ಇಪ್ಪತ್ತು ಕೇಳುತ್ತಾಳೆ.

ಡಿಸೆಂಬರ್ 21, ಭಾನುವಾರ

ಫೋನ್ ಮಾಡಿದರೆ ಮೇಟ್ರನ್ ಮೊದಲು ನನ್ನ ಹತ್ತಿರ ಚಿಕ್ಕಜ್ಜಿಯ ಬಗ್ಗೆ ಮಾತಾಡಿದರು. "ನಿಮ್ಮ ಅಜ್ಜಿ ಇಡೀ ದಿನ ಏನೇನೋ ಒದರ್ತಾರೆ. ತಲೆಬುಡ ಇಲ್ಲ. ಬಾಗಿಲಲ್ಲೇ ನಿಂತಿರ್ತಾರೆ. ಬೇರೆಯವರು ಕಂಪ್ಲೇಂಟ್ ಮಾಡಿದ್ರು. ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದಾರೆ, ಈಗ ಸುಮ್ಮನಿದ್ದಾರೆ."

ಅದು ಒದರುವುದಲ್ಲ, ಭಾಷೆ ಎಂದು ಹೇಳಬೇಕಿತ್ತು. ಯಾವ ಭಾಷೆ ಎಂದು ಕೇಳುತ್ತಾರೆ. 'ಕೊನೆಯ ಧ್ವನಿ' ಎಂದಿರುವ ನಮ್ಮ ಟೂರಿನ ಪೋಸ್ಟರ್ ಅವರ ಆಫೀಸಿನ ಗೋಡೆಯಲ್ಲೇ ಇದೆ. 'ಸರಿ ಮೇಡಂ' ಎಂದೆ.

ಅಜ್ಜಿ ಕಿರುಚಿ ಕಿರುಚಿ ಮಾತಾಡಿದಳು. ಅತ್ತಲಿಂದ ಬರೀ ಉಸಿರು. ಹದಿನೈದು ನಿಮಿಷ ಮುಗಿಯುವ ಮುಂಚೆಯೇ ಫೋನ್ ನನ್ನ ಕೈಗೆ ಕೊಟ್ಟಳು.

"ಅವಳಿಗೆ ಏನು ಮಾಡಿದ್ರಿ?"

"ನಿದ್ದೆಗಣ್ಣಲ್ಲಿರಬೇಕು ಅಜ್ಜಿ."

ಡಿಸೆಂಬರ್ 31, ಬುಧವಾರ. ಬೆಳಿಗ್ಗೆ 11

ಚಿಕ್ಕಜ್ಜಿ ತೀರಿಕೊಂಡಳು. ನಿನ್ನೆ ಬೆಳಗಿನ ಜಾವ ಮಂಚದಿಂದ ಇಳಿಯಲು ಹೋಗಿ ಬಿದ್ದಳಂತೆ. ಮಾತ್ರೆಯ ಮಂಪರು. ನಿನ್ನೆಯೇ ಹೋಗಿದ್ದೆ. ಎಲ್ಲ ಆಶ್ರಮದವರೇ ಮುಗಿಸಿದರು. ಎರಡು ಕಡೆ ಸಹಿ ಹಾಕಿದೆ. ಮಣ್ಣು ಹಾಕುವಾಗ ನಾನೊಬ್ಬಳೇ, ಜೊತೆಗೆ ಕೂಲಿಯವರಿಬ್ಬರು.

ಬರುವಾಗ ಬಸ್ಸಿನಲ್ಲಿ ಒಂದು ಯೋಚನೆ ಬಂತು: ಇನ್ನು ಮೇಲೆ ನಾನು ಹೇಳುವುದು ಸುಳ್ಳಲ್ಲ. ಬಂದಿತು, ಬರೆದಿದ್ದೇನೆ. ಇಲ್ಲೂ ಸುಳ್ಳು ಬರೆದು ಯಾರನ್ನು ಮೆಚ್ಚಿಸಬೇಕು?

ಭಾನುವಾರ ಇಪ್ಪತ್ತೆರಡು ಜನರ ಗ್ರೂಪ್. ಈಗ ಹೇಳಿದರೆ ಅಜ್ಜಿ ಬೆಂಚಿಗೆ ಬರುವುದಿಲ್ಲ. ಭಾನುವಾರ ಕಳೆಯಲಿ.

ಜನವರಿ 4, ಭಾನುವಾರ

ನೆಟ್‌ವರ್ಕ್ ಇಲ್ಲ ಎಂದೆ. ಅಜ್ಜಿ ನನ್ನ ಫೋನನ್ನೇ ನೋಡುತ್ತ ನಿಂತಳು. ಅದೇ ಹೊತ್ತಿಗೆ ಬಾಸ್ ಕಾಲ್ ಮಾಡಬೇಕೇ! ರಿಂಗಾಯಿತು.

ಜನವರಿ 6, ಮಂಗಳವಾರ

ಹೆಡ್ ಗೈಡ್ ಲೆಟರ್ ಬಂತು.

ಜನವರಿ 11, ಭಾನುವಾರ. ಸಂಜೆ 4

ಹದಿನೆಂಟು ಜನ. ಎಲ್ಲರೂ ಕೂತು ಫೋನು ಎತ್ತಿ ಹಿಡಿದ ಮೇಲೆ ಅಜ್ಜಿ ಬೆಂಚಿನಿಂದ ಎದ್ದು ನಿಂತಳು. ಪೇಟೆ ಮಾತಿನಲ್ಲೇ, ಗಟ್ಟಿಯಾಗಿ.

"ನೀವೆಲ್ಲ ಪೇಟೆಗೆ ಹೋಗೋರಲ್ವಾ? ನನ್ನ ತಂಗಿ ಅಲ್ಲಿದ್ದಾಳೆ. ನಾನು ಕೊನೆಯವಳಲ್ಲ. ಇವಳು ನನ್ನ ಮೊಮ್ಮಗಳು, ಇವಳೇ ಅವಳನ್ನ ಅಲ್ಲಿ ಬಿಟ್ಟು ಬಂದಿದ್ದು. ನನ್ನನ್ನೂ ನಿಮ್ಮ ಬಸ್ಸಲ್ಲಿ ಕರ್ಕೊಂಡು ಹೋಗಿ. ಸೀಟು ಬೇಡ. ನಿಂತ್ಕೊಂಡೇ ಬರ್ತೀನಿ."

ಹದಿನೆಂಟು ಮುಖ ನನ್ನ ಕಡೆ ತಿರುಗಿತು. ಎಂಟು ವರ್ಷದ ಕೆಲಸ, ಐದು ದಿನದ ಲೆಟರ್. ಒಳಗೆ ಕರೆದುಕೊಂಡು ಹೋಗಿ ಹೇಳಬಹುದಿತ್ತು. ಅಲ್ಲೇ ಹೇಳಿದೆ.

"ಅಜ್ಜಿ, ಚಿಕ್ಕಜ್ಜಿ ಹೋಗಿಬಿಟ್ಟಳು. ಹನ್ನೆರಡು ದಿನ ಆಯ್ತು."

"ಹನ್ನೆರಡು ದಿನ" ಎಂದಳು. ಕೂತಳು. ಅಳಲಿಲ್ಲ. ಬೆಂಚಿನ ಒಂದು ತುದಿಗೆ ಸರಿದು ಕೂತಳು.

ಆಮೇಲೆ ಮುಂದಿನ ಸಾಲಿನ ಹೆಂಗಸು ನನ್ನ ತೋಳು ಮುಟ್ಟಿ, "ಹಾಗಾದ್ರೆ ಈಗ ಇವರೇ ಕೊನೆಯವರಾ?" ಎಂದು ಪಿಸುಗುಟ್ಟಿದರು.

"ಹೌದು ಮೇಡಂ."

"ಒಂದು ಫೋಟೋ ತೆಗೀಬಹುದಾ?"

"ಫ್ಲ್ಯಾಶ್ ಬೇಡ" ಎಂದೆ.

ಜನವರಿ 20, ಮಂಗಳವಾರ

ಆ ದಿನದಿಂದ ಅಜ್ಜಿ ಪೇಟೆ ಮಾತು ಬಿಟ್ಟಿದ್ದಾಳೆ. ನೀರು ಬೇಕೆಂದರೂ ಹೊಳೆ ಮಾತು, ಚಳಿ ಎಂದರೂ ಹೊಳೆ ಮಾತು. ನೀರು ಎಂಬುದು ನನ್ನ ಮೂವತ್ತು ಪದದಲ್ಲಿದೆ. ಚಳಿ ಇಲ್ಲ. ಮೈಮೇಲೆ ಹೊದಿಕೆ ಎಳೆದುಕೊಂಡ ಮೇಲೆ ಗೊತ್ತಾಯಿತು. "ಅಜ್ಜಿ, ನನಗೆ ಅರ್ಥ ಆಗೋ ಹಾಗೆ ಹೇಳು" ಎಂದು ಬೇಡಿಕೊಂಡೆ. ಮುಖ ನೋಡಿ, ಉದ್ದಕ್ಕೆ ಏನೋ ಹೇಳಿದಳು, ಹೊಳೆ ಮಾತಿನಲ್ಲೇ.

ಆ ದಿನದ ವಿಡಿಯೋ ಲಕ್ಷಗಟ್ಟಲೆ ಜನ ನೋಡಿದ್ದಾರೆ. ಬಾಸ್‌ಗೆ ಕಾಲು ನೆಲದ ಮೇಲಿಲ್ಲ. ಎರಡನೇ ಬಸ್ಸು ಹಾಕುತ್ತಾರಂತೆ. ದೋಣಿಯಣ್ಣ ಮಾತ್ರ ನನ್ನ ಗ್ರೂಪಿಗೆ ದೋಣಿ ನಡೆಸುವುದಿಲ್ಲ ಎಂದಿದ್ದಾನೆ. ಬೇಡ. ಬೇರೆ ಜನ ಸಿಗುತ್ತಾರೆ.

ಫೆಬ್ರವರಿ 3, ಮಂಗಳವಾರ. ಮಧ್ಯಾಹ್ನ 12.10, ಆಸ್ಪತ್ರೆ

ನಿನ್ನೆಯಿಂದ ಅಜ್ಜಿ ಏನೂ ತಿಂದಿಲ್ಲ. ಏಳುತ್ತಿಲ್ಲ. ಎಲ್ಲಿ ನೋವು ಎಂದು ಕೈ ಸನ್ನೆ ಮಾಡಿ ಕೇಳಿದರೆ ತೋರಿಸುವುದಿಲ್ಲ. ನಾಲ್ಕು ಪದ, ಅದೇ ನಾಲ್ಕು ಪದ, ರಾತ್ರಿಯಿಂದ.

ಡಾಕ್ಟರ ಬಾಗಿಲಲ್ಲಿ ಐವತ್ತು ಜನ. "ಏನಂತಿದ್ದಾರೆ ಇವರು?" ಎಂದು ಡಾಕ್ಟರು ಕೇಳಿದರು. ನರ್ಸ್ ನನ್ನ ಗುರುತು ಹಿಡಿದಳು. "ಡಾಕ್ಟರೇ, ಇವರೇ ಆ ವಿಡಿಯೋದವರು. ಆ ಭಾಷೆ ಇವರಿಗೆ ಅರ್ಥ ಆಗುತ್ತೆ."

"ಹೇಳಮ್ಮಾ ಬೇಗ."

"ಎದೆ ಉರಿ ಅಂತೆ" ಎಂದೆ.

ಬಾಯಿಂದ ತಾನಾಗಿ ಬಂತು. ಎಂಟು ವರ್ಷದ ಅಭ್ಯಾಸ. ಡಾಕ್ಟರು ಬರೆದುಕೊಂಡರು. "ಎಷ್ಟು ದಿನದಿಂದ?" "ನಿನ್ನೆಯಿಂದ." ಅದನ್ನೂ ಬರೆದರು. ಮುಂದಿನವರನ್ನು ಕರೆದರು.

ವಾಪಸ್ ಹೋಗಿ ಸುಳ್ಳು ಹೇಳಿದೆ ಎನ್ನಬೇಕು. ಎರಡು ಸಲ ಎದ್ದೆ. ಹೋಗಿ ಏನು ಹೇಳಲಿ? ಅವರು ಮತ್ತೆ ಅದನ್ನೇ ಕೇಳುತ್ತಾರೆ. ಭಯವಾಗುತ್ತಿದೆ. ಇಷ್ಟು ಭಯ ಯಾವತ್ತೂ ಆಗಿರಲಿಲ್ಲ.

ಮಾತ್ರೆ ನುಂಗಿಸಿ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಆ ನಾಲ್ಕು ಪದವನ್ನು ಚೀಟಿಯ ಹಿಂದೆ ಕೇಳಿದ ಹಾಗೆಯೇ ಬರೆದುಕೊಂಡೆ. ಇಪ್ಪತ್ತು ಸಲ ಓದಿದೆ. ಓದಿ ಹೇಳಿದ್ದರೆ ಸನ್ನೆಯಲ್ಲಾದರೂ ಅರ್ಥ ತಿಳಿಸಲು ಚಿಕ್ಕಜ್ಜಿ ಒಬ್ಬಳಿದ್ದಳು.

ಈಗ ಮತ್ತೆ. ಈ ಸಲ ಮೊದಲ ಪದ ಮಾತ್ರ, ಕಣ್ಣು ನನ್ನ ಮೇಲೆ. ಕರೆಯುತ್ತಿದ್ದಾಳೆ. ಇಲ್ಲ — ಕರೆಯುತ್ತಿದ್ದಾಳೋ, ಹೋಗು ಎನ್ನುತ್ತಿದ್ದಾಳೋ