ದೊರೆಯಿಲ್ಲದ ಅಂಗಡಿ

ಜೂನ್ ೧೪, ಶನಿವಾರ ಮಧ್ಯಾಹ್ನ

ನನ್ನ ಬಂಗಾರದ ಮಗಳಿಗೆ,

ಅಮ್ಮನ ಪ್ರೀತಿ. ನೀನು ಸೇತುವೆ ಕಟ್ಟಿಸುತ್ತಿರುವ ಆ ಜಾಗದಲ್ಲಿ ಫೋನು ಒಮ್ಮೆ ಸಿಕ್ಕರೆ ಇನ್ನೊಮ್ಮೆ ಸಿಗುವುದಿಲ್ಲ. ಸಿಕ್ಕಾಗಲೂ ಈ ಮಾತು ನನ್ನ ಬಾಯಿಗೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೂತುಕೊಂಡು ಓದು. ನಮ್ಮ ದೊರೆ ಈ ಸೋಮವಾರ ತೀರಿಕೊಂಡ.

ನರಳಲಿಲ್ಲ, ಯಾರಿಗೂ ತೊಂದರೆ ಕೊಡಲಿಲ್ಲ. ಹಿಂದಿನ ದಿನ ಸಂಜೆ ಸೀಬೆಹಣ್ಣು ತಿಂದು, ಬೀಜವನ್ನೆಲ್ಲ ನನ್ನ ಮೇಲೆ ಉಗುಳಿದ್ದ. ಬೆಳಿಗ್ಗೆ ನೋಡಿದರೆ ತಾನು ಕೂರುವ ಕೋಲಿನ ಕೆಳಗೆ, ಬಟ್ಟೆ ಚೂರುಗಳ ಬುಟ್ಟಿಯೊಳಗೆ ಮಲಗಿದ್ದ. ಪಶುವೈದ್ಯೆ ಬಂದು ನೋಡಿ, "ವಯಸ್ಸಾಗಿತ್ತಮ್ಮ, ಗಿಳಿಗಳಲ್ಲಿ ಇವನು ಮುತ್ತಜ್ಜ" ಅಂದರು. ನೀನು ಹುಟ್ಟುವ ಮುಂಚೆಯೇ ಮನೆಗೆ ಬಂದವನು. ಲೆಕ್ಕಕ್ಕೆ ನಿನಗೆ ಅಣ್ಣನಾಗಬೇಕು.

ನಾನು ಧೈರ್ಯವಾಗಿದ್ದೇನೆ. ಅಳಲಿಲ್ಲ. ಅವತ್ತು ಸೂಜಿಗೆ ದಾರ ಪೋಣಿಸಲು ಆಗಲಿಲ್ಲ, ಅಷ್ಟೆ.

ಮೊದಲು ಬಂದವರು ಎದುರಂಗಡಿಯ ಗಡಿಯಾರ ರಿಪೇರಿಯವರು. ಗೊತ್ತಲ್ಲ, ಹತ್ತು ಸಲ ಮಾತಾಡಿಸಿದರೆ ಒಂದು ಸಲ ತಲೆಯಾಡಿಸುವ ಮನುಷ್ಯ. ದೊರೆಯನ್ನು ನೋಡಿದರು, ಸುಮ್ಮನೆ ವಾಪಸ್ ಹೋದರು, ಹಳೆಯ ಗೋಡೆ ಗಡಿಯಾರದ ಮರದ ಪೆಟ್ಟಿಗೆಯೊಂದನ್ನು ಹಿಡಿದು ಮತ್ತೆ ಬಂದರು. ಒಳಗಿನ ಲೋಲಕ, ಚಕ್ರ ಎಲ್ಲ ಬಿಚ್ಚಿ, ಧೂಳು ಒರೆಸಿ ತಂದಿದ್ದರು. "ಇದ್ರಲ್ಲಿ ಮಲಗ್ಲಿ" ಅಂದರು. ನಿನ್ನ ಚಿಕ್ಕಂದಿನ ಹಸಿರು ಫ್ರಾಕಿನ ತುಂಡು ಒಂದು ಉಳಿದಿತ್ತು, ಅದನ್ನು ಹಾಸಿದೆ. ಹಸಿರಿನೊಳಗೆ ಹಸಿರು ಸೇರಿಹೋಯಿತು, ಕೊಕ್ಕು ಮಾತ್ರ ಕೆಂಪಗೆ ಕಾಣುತ್ತಿತ್ತು.

ಹಿತ್ತಲ ಸೀಬೆ ಮರದ ಬುಡದಲ್ಲಿ ಗುಂಡಿ ತೋಡುವಷ್ಟರಲ್ಲಿ ಬೀದಿಗೆ ಬೀದಿಯೇ ಸೇರಿತ್ತು. ಅವನ ಕೈಲಿ, ಅಲ್ಲ, ಅವನ ಕೊಕ್ಕಿನಲ್ಲಿ ಅನ್ನಿಸಿಕೊಳ್ಳದವರು ಇಲ್ಲಿ ಯಾರಿದ್ದಾರೆ ಹೇಳು. ಮೂಲೆ ಬೇಕರಿಯವರು ಮೈದಾ ಮೆತ್ತಿದ ಕೈಯಲ್ಲೇ ಓಡಿ ಬಂದರು. ಅಳತೆ ತೆಗೆಯುವಾಗ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವುದು ಅವರ ಹಳೇ ಚಾಳಿ. "ಉಸಿರು ಬಿಡಿ" ಅನ್ನುವುದು ನನ್ನ ಮಾತು, ದೊರೆ ಅದನ್ನು ಕಲಿತ. ಆದರೆ ಸರಿಯಾಗಿ ನಿಂತವರಿಗೆ ಅವನು ಒಮ್ಮೆಯೂ ಹಾಗೆ ಹೇಳಲಿಲ್ಲ, ಹೊಟ್ಟೆ ಎಳೆದುಕೊಂಡವರಿಗೇ ಹೇಳುತ್ತಿದ್ದ. ಅರ್ಥವಿಲ್ಲದ ಕಲಿಕೆಗೆ ಗಿಣಿಪಾಠ ಅಂತ ಹೆಸರಿಟ್ಟವರು ನಮ್ಮ ದೊರೆಯನ್ನು ನೋಡಿಲ್ಲ. ಬೇಕರಿಯವರು ಗುಂಡಿಯ ಹತ್ತಿರ ನಿಂತು, "ನನ್ನ ಹೊಟ್ಟೆ ಬಗ್ಗೆ ನಿಜ ಹೇಳ್ದೋನು ಇವನೊಬ್ನೇ. ಹೆಂಡ್ತಿ ಕೂಡ ಹೇಳಿಲ್ಲ" ಅಂದರು. ಪಕ್ಕದಲ್ಲೇ ಇದ್ದ ಅವರ ಹೆಂಡತಿ, "ಹೇಳಿದೀನಿ, ನೀವು ಕೇಳಿಸ್ಕೊಂಡಿಲ್ಲ" ಅಂದರು.

ಎಲ್ಲರಿಗಿಂತ ಹೆಚ್ಚು ಅತ್ತವರು ಮನೆಯ ಮಾಲಕಿ. ಮೆಟ್ಟಿಲಿಳಿಯುವಾಗ ಅವರು ಕೆಮ್ಮುವ ಗತ್ತಿನ ಕೆಮ್ಮು ದೊರೆಗೆ ಬಾಯಿಪಾಠ. ಮಹಡಿಯ ಮಕ್ಕಳು ಗೋಡೆಗೆ ಚೆಂಡು ಹೊಡೆಯಲು ಶುರು ಮಾಡಿದರೆ ಇವನು ಒಳಗಿಂದ ಕೆಮ್ಮುವುದು, ಮಕ್ಕಳು ದಿಕ್ಕಾಪಾಲಾಗುವುದು. "ನನ್ನ ಕೆಮ್ಮನ್ನ ನನಗಿಂತ ಚೆನ್ನಾಗಿ ಕೆಮ್ತಿದ್ದ" ಅಂತ ಮೂಗು ಒರೆಸಿಕೊಂಡರು.

ಆಮೇಲೆ ಗಡಿಯಾರದವರು ಗಂಟಲು ಸರಿಮಾಡಿಕೊಂಡರು ನೋಡು, ಎಲ್ಲರೂ ಬೆರಗಾಗಿ ಅತ್ತ ತಿರುಗಿದೆವು. ಮಧ್ಯಾಹ್ನದ ಹೊತ್ತು ದೊರೆ ಅವರ ಅಂಗಡಿಗೆ ಹಾರಿ ಹೋಗಿ ಕೂರುತ್ತಿದ್ದನಲ್ಲ, ಒಮ್ಮೆ ಯಾರೋ ಗಿರಾಕಿ ನಿಂತುಹೋದ ಕೈಗಡಿಯಾರ ತಂದು, ಕೊಡುವ ಮುಂಚೆ ಕೊನೇ ಸಲ ಕಿವಿಗೆ ಹಿಡಿದನಂತೆ. ಹಿಂದಿನಿಂದ ದೊರೆ ಟಿಕ್ ಟಿಕ್ ಅಂದನಂತೆ. ಆತ ಖುಷಿಯಲ್ಲಿ ರಿಪೇರಿಯೇ ಬೇಡವೆಂದು ಮನೆಗೆ ಹೋದವನು, ಮರುದಿನ ಜಗಳಕ್ಕೆ ಬಂದನಂತೆ. ಇಷ್ಟನ್ನೂ ಅವರು ಮುಖದಲ್ಲಿ ಒಂದು ಗೆರೆಯೂ ಅಲುಗಾಡದ ಹಾಗೆ ಹೇಳಿದರು. ಗುಂಡಿಯ ಸುತ್ತ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೊಬ್ಬಳು ಪೆಟ್ಟಿಗೆಯ ಮುಚ್ಚಳ ಹಿಡಿದುಕೊಂಡು ನಿಂತಿದ್ದೆ.

ಅಳಲಿಲ್ಲ ಅಂತ ಮೇಲೆ ಬರೆದೆ. ಅದು ಸುಳ್ಳು ಮಗಳೇ. ಜನ ಹೋದ ಮೇಲೆ ಅಂಗಡಿಯ ಶಟರ್ ಎಳೆದವಳು ಮತ್ತೆ ತೆಗೆಯಲೇ ಇಲ್ಲ. ಒಪ್ಪಿಕೊಂಡ ರವಿಕೆಗಳು ಕತ್ತರಿಸಿದ ಹಾಗೇ ಬಿದ್ದಿದ್ದವು. ನಿಮ್ಮಪ್ಪ ತೀರಿಕೊಂಡಾಗಲೂ ನಾನು ಹೀಗೇ ಹಾಸಿಗೆ ಹಿಡಿದಿದ್ದೆ. ಆಗ ನಿನ್ನ ಅಜ್ಜಿ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಏಳು, ಅಂಗಡಿ ತೆಗಿ" ಅನ್ನುತ್ತಿದ್ದಳು. ಅಜ್ಜಿ ಹೋದಳು, ಹೋಗುವಾಗ ಆ ಮಾತನ್ನು ದೊರೆಗೆ ಬಿಟ್ಟು ಹೋದಳು. ಅಂದಿನಿಂದ ಒಂದು ಬೆಳಗೂ ಅವನು ತಪ್ಪಿಸಿರಲಿಲ್ಲ. ಈಗ ಎಬ್ಬಿಸುವವರೇ ಇಲ್ಲವಲ್ಲ, ಯಾಕೆ ಏಳಬೇಕು ಅನ್ನಿಸಿಬಿಟ್ಟಿತ್ತು.

ಗುರುವಾರ ಬೆಳಿಗ್ಗೆ ಶಟರಿನ ಆಚೆಯಿಂದ ಕೇಳಿತು: "ಏಳು, ಅಂಗಡಿ ತೆಗಿ."

ಕೂದಲು ಕೆದರಿದ್ದ ಹಾಗೇ ಓಡಿ ಶಟರ್ ಎತ್ತಿದರೆ, ಗಡಿಯಾರದವರು. ಇಸ್ತ್ರಿ ಮಾಡಿದ ಅಂಗಿ, ಹಣೆಯ ಮೇಲೆ ತೆಗೆಯಲು ಮರೆತ ಭೂತಗನ್ನಡಿ, ಕಿವಿ ಎರಡೂ ಕೆಂಪು. "ಸರಿಯಾಗಿ ಬರ್ಲಿಲ್ಲ. ಅವನು ಇನ್ನೂ ಸ್ವಲ್ಪ ಮೂಗಲ್ಲಿ ಹೇಳ್ತಿದ್ದ" ಅಂದರು. ಎರಡು ದಿನದಿಂದ ತಮ್ಮ ಅಂಗಡಿಯೊಳಗೆ ಅಭ್ಯಾಸ ಮಾಡಿದ್ದರಂತೆ. ಆ ಗಂಭೀರ ಮನುಷ್ಯ, ಅಷ್ಟೊಂದು ಗಡಿಯಾರಗಳ ಮುಂದೆ ಒಬ್ಬರೇ ನಿಂತು ಗಿಳಿಯ ಹಾಗೆ ಕೂಗಿದ್ದನ್ನು ನೆನೆಸಿಕೊ. ನಾನು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ನಕ್ಕೆ. ನಗುತ್ತ ನಗುತ್ತ ಅತ್ತೆ. ಅವರೂ ಬಂದು ಪಕ್ಕದಲ್ಲಿ ಕೂತರು.

ಅವತ್ತೇ ಅಂಗಡಿ ತೆಗೆದೆ. ಬೇಕರಿಯವರ ಹೊಸ ಅಂಗಿಗೆ ಅಳತೆ ತೆಗೆಯುವಾಗ ಇಬ್ಬರೂ ಒಂದು ಕ್ಷಣ ಕಾದೆವು. ದೊರೆಯ ಕೋಲು ಖಾಲಿಯಿತ್ತು. ಅವರೇ ನಿಧಾನವಾಗಿ ಉಸಿರು ಬಿಟ್ಟರು.

ಬಿಸಿಲಲ್ಲಿ ಟೋಪಿ ಇಲ್ಲದೆ ಅಲೆಯಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಳು ಬಂದರೆ ಅತ್ತುಬಿಡು, ನನ್ನ ಹಾಗೆ ಬಿಗಿಹಿಡಿಯಬೇಡ.

ಸದಾ ನಿನ್ನದೇ ಯೋಚನೆಯ
ಅಮ್ಮ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ನಾಚಿಕೆಯಾಗಿತ್ತು. ಗಡಿಯಾರದವರು ನನ್ನನ್ನು ಮದುವೆಯಾಗುತ್ತೀರಾ ಎಂದು ಹೋದ ವರ್ಷವೇ ಕೇಳಿದ್ದರು. ನಾನು ಗಿರಾಕಿಗಳಿಗೆ ಹೇಳುವ ಹಾಗೆ ನಾಳೆ, ನಾಡಿದ್ದು ಅನ್ನುತ್ತ ಬಂದೆ. ನಿನ್ನೆ ಹೂಂ ಅಂದೆ. ನಿಮ್ಮಪ್ಪನ ಫೋಟೋ ಇದ್ದಲ್ಲೇ ಇರುತ್ತದೆ, ಅದರ ಧೂಳು ಒರೆಸುವ ಕೆಲಸ ತಮ್ಮದು ಅಂದಿದ್ದಾರೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ನನ್ನ ಕಡೆಯಿಂದ ಸಾಕ್ಷಿ ಸಹಿ ಹಾಕಲು ನೀನೇ ಬರಬೇಕು. ಒಪ್ಪಿಗೆ ಇದ್ದರೆ ಬೇರೇನೂ ಬರೆಯಬೇಡ, ನಿನ್ನ ಈಗಿನ ಅಳತೆ ಬರೆದು ಕಳಿಸು. ಹೊಸ ಬಟ್ಟೆ ಹೊಲಿಯುತ್ತೇನೆ.