ಹೋಗುವವಳು ಒಬ್ಬಳೇ

ಜನವರಿ 9, ಬೆಳಗ್ಗೆ 6.10

ಇಪ್ಪತ್ತೈದಕ್ಕೆ ಹನ್ನೊಂದು. ನಿನ್ನೆಯೂ ಹನ್ನೊಂದು, ಮೊನ್ನೆಯೂ ಹನ್ನೊಂದು. ಗಣಿತ ಪರವಾಗಿಲ್ಲ, ಇಂಗ್ಲಿಷ್ ಹೇಗೋ ದಾಟುತ್ತೇನೆ. ಲಾಜಿಕಲ್ ರೀಸನಿಂಗ್ ಬಂದರೆ ಮಾತ್ರ ಬುದ್ಧಿಗೆ ಮಂಕು ಕವಿಯುತ್ತದೆ.

ಎಲ್ಲಿ ಎಡವುತ್ತಿದ್ದೇನೆ ಅಂತ ಇವತ್ತು ಕೂತು ನೋಡಿದೆ. ಆರು ಕಡೆ ಮೊದಲು ಹಾಕಿದ ಗುರುತೇ ಸರಿಯಿತ್ತು. ಆಮೇಲೆ ಅಳಿಸಿ ಬೇರೆ ಹಾಕಿದ್ದೇನೆ. ಕನ್ನಡಕದ ಅಂಗಡಿಯ ಚಾಳಿ. ಒಂಬತ್ತು ವರ್ಷದಿಂದ ಗಿರಾಕಿಗಳ ಕಣ್ಣ ಮುಂದೆ ಗಾಜು ಬದಲಿಸಿ ಬದಲಿಸಿ ಕೇಳುತ್ತಿದ್ದೇನೆ — ಇದು ಚೆನ್ನಾಗ್ ಕಾಣತ್ತಾ, ಮೊದಲಿಂದಾ? ಇನ್ನೊಂದ್ಸಲ ನೋಡಿ. ಈಗ ನನಗೂ ಯಾವ ಉತ್ತರವೂ ಒಂದೇ ಸಲಕ್ಕೆ ಸರಿ ಕಾಣುವುದಿಲ್ಲ.

ಈ ಪ್ರವೇಶ ಪರೀಕ್ಷೆ ಮೂರನೇ ಸಲ ಬರೆಯುತ್ತಿರುವುದು. ಎರಡು ವರ್ಷದ ಮ್ಯಾನೇಜ್‌ಮೆಂಟ್ ಕೋರ್ಸು, ದೂರದ ಊರು, ಹಾಸ್ಟೆಲ್ಲು, ಫೀಸಿಲ್ಲ. ವಯಸ್ಸಿನ ಮಿತಿ ಮೂವತ್ತೆರಡು. ಮುಂದಿನ ವರ್ಷ ನನಗೆ ಮೂವತ್ತಮೂರು. ಇದೇ ಕೊನೆ.

ಜನವರಿ 14, ಮಧ್ಯಾಹ್ನ

ಅತ್ತಿಗೆ ಡಿಪೋದಿಂದ ಬಂದು ತರಕಾರಿ ಹೆಚ್ಚುತ್ತಿದ್ದರು. ಅಲ್ಲಿ ಡ್ರೈವರು ಕಂಡಕ್ಟರುಗಳ ಡ್ಯೂಟಿ ಚಾರ್ಟ್ ಹಾಕುವ ಗುಮಾಸ್ತೆ ಅವರು. ನಾನೂ ಅವರೂ ಹುಟ್ಟಿದ್ದು ಒಂದೇ ವರ್ಷ. ಆದರೂ ಅಣ್ಣನ ಹೆಂಡತಿ, ವರಸೆಯಲ್ಲಿ ದೊಡ್ಡವರು. ಹಾಗಾಗಿ ಅವರಿಗೆ ನಾನು ನೀನು, ನನಗೆ ಅವರು ನೀವು.

ನಾನು ಗಟ್ಟಿಯಾಗಿ ಓದುತ್ತಿದ್ದೆ. ಎಂಟು ಜನ ದುಂಡು ಮೇಜಿನ ಸುತ್ತ ಕೂತಿದ್ದಾರೆ, ಎ ಪಕ್ಕದಲ್ಲಿ ಸಿ ಕೂರುವುದಿಲ್ಲ...

"ಯಾಕೆ ಕೂರಲ್ಲ? ಜಗಳ ಆಗಿದ್ಯಾ?"

"ಕೊಟ್ಟಿಲ್ಲ ಅತ್ತಿಗೆ."

"ಆಗಿರತ್ತೆ ಬಿಡು. ನಮ್ ಡಿಪೋದಲ್ಲಿ ಹೀಗೆ ಹನ್ನೆರಡು ಜನ ಇದಾರೆ."

ಚಾಕು ಕೆಳಗಿಟ್ಟು ಪೆನ್ಸಿಲ್ ಕಸಿದುಕೊಂಡರು. ಎರಡೇ ನಿಮಿಷ. ನಾನು ಅರ್ಧ ಗಂಟೆ ಗುದ್ದಾಡಿದ್ದು. ನೋಡಿದರೆ ಮೇಜಿನ ಸುತ್ತ ಒಂಬತ್ತು ಜನ!

"ಒಂಬತ್ತನೇದು ಯಾರು?"

"ರಿಸರ್ವ್. ಎಂಟು ಜನ ಅಂದ್ರೆ ಎಂಟೂ ಜನ ಬಂದೇಬಿಡ್ತಾರೆ ಅಂತ ನಂಬ್ತೀಯಾ ನೀನು? ಬೆಳಗ್ಗೆ ಐದೂಕಾಲಿಗೆ ಒಬ್ಬಂಗೆ ಹೊಟ್ಟೆನೋವು ಶುರುವಾಗತ್ತೆ."

ಆ ರಿಸರ್ವ್ ಆಸಾಮಿಯನ್ನು ಅವರ ತಲೆಯಿಂದ ಎಬ್ಬಿಸಿ ಕಳಿಸುವಷ್ಟರಲ್ಲಿ ನನಗೆ ಅಂಗಡಿಗೆ ಹೊತ್ತಾಯಿತು.

ಫೆಬ್ರವರಿ 2

ನಾನೇ ಅಂದೆ, ನೀವೂ ಫಾರ್ಮ್ ತುಂಬಿ ಅಂತ. ಅರ್ಧ ತಮಾಷೆಗೆ. ರೀಸನಿಂಗ್ ಮಾಕ್ ಟೆಸ್ಟಿನಲ್ಲಿ ಇಪ್ಪತ್ತೆರಡು ತೆಗೆದವರನ್ನು ಸುಮ್ಮನೆ ತರಕಾರಿ ಹೆಚ್ಚಲು ಬಿಡುವುದು ಹೇಗೆ? ಅವರು ನಿಜಕ್ಕೂ ತುಂಬಿಬಿಟ್ಟರು. ಸಹಿ ಹಾಕುವ ಮೊದಲು ಬೇರೆ ಹಾಳೆಯಲ್ಲಿ ಎರಡು ಸಲ ಬರೆದು ನೋಡಿದರು.

ಆಮೇಲೆ ಶುರುವಾಯಿತು ತಲೆಬಿಸಿ. ಅಮ್ಮನ ಸೊಂಟದ ಮೂಳೆ ಮುರಿದು ನಾಲ್ಕು ತಿಂಗಳು. ವಾಕರ್ ಹಿಡಿದು ಓಡಾಡುತ್ತಾಳೆ, ಆದರೆ ಏಳಲು ಒಂದು ಕೈ ಬೇಕು, ಬಾತ್‌ರೂಮಿನವರೆಗೆ ಜೊತೆ ಬೇಕು, ಮಾತ್ರೆ ಕೊಡಬೇಕು. ಬೆಳಗಿನ ಪಾಳಿ ಮುಗಿಸಿ ಅತ್ತಿಗೆ ಬಂದ ಮೇಲೆ ನಾನು ಅಂಗಡಿಗೆ ಹೊರಡುವುದು. ಇಬ್ಬರೂ ಪಾಸಾದರೆ?

ಅಣ್ಣ ಮುಂದಿನ ಕೋಣೆಯಿಂದಲೇ ತೀರ್ಪು ಕೊಟ್ಟ. ಅವನ ವಾಚ್ ರಿಪೇರಿ ಅಂಗಡಿ ಅಲ್ಲೇ. ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ಕೂಡ ತೆಗೆಯಲಿಲ್ಲ.

"ಯಾರಿಗೆ ಮಾರ್ಕ್ಸ್ ಜಾಸ್ತಿ ಬರತ್ತೋ ಅವ್ರು ಹೋಗ್ಲಿ. ಇನ್ನೊಬ್ರು ಕೆಲ್ಸ ಬಿಟ್ಟು ಅಮ್ಮನ್ನ ನೋಡ್ಕೊಳ್ಲಿ. ಯಾರಿಗೂ ಅನ್ಯಾಯ ಆಗಲ್ಲ."

ಸರಿ ಅನ್ನಿಸಿತು. ಇಬ್ಬರೂ ತಲೆಯಾಡಿಸಿದೆವು.

ಫೆಬ್ರವರಿ 20

ಅತ್ತಿಗೆ ನನ್ನ ರಬ್ಬರ್ ಕಿತ್ತುಕೊಂಡಿದ್ದಾರೆ. ಇನ್ನು ಮೇಲೆ ಪೆನ್ನು ಮಾತ್ರ. "ಚಾರ್ಟ್ ಗೋಡೆಗೆ ಅಂಟಿಸಿದ್ ಮೇಲೆ ಮುಗೀತು. ಬಸ್ಸು ಹೊರಟಾಯ್ತು." ಹದಿನಾರು ಬಂತು.

ರಕ್ತಸಂಬಂಧದ ಪ್ರಶ್ನೆಗಳಿಗೆ ಅಮ್ಮನೇ ಮಂಚದ ಮೇಲಿಂದ ಉತ್ತರ ಕೊಡುತ್ತಾಳೆ. 'ಫೋಟೋದಲ್ಲಿರುವವಳನ್ನು ತೋರಿಸಿ ಅವನು ಹೇಳಿದ, ಇವಳ ತಾಯಿ ನನ್ನ ತಂದೆಯ ಒಬ್ಬಳೇ ಮಗಳು...' "ಸೋದರ ಸೊಸೆ ಕಣೇ," ಅಂದಳು ಅಮ್ಮ, ಮಾತ್ರೆ ನುಂಗುತ್ತ. "ಇಷ್ಟಕ್ಕೆಲ್ಲ ಡಿಗ್ರಿ ಬೇಕಾ? ನೆಟ್ಟಗೆ ತಂಗಿ ಮಗಳು ಅನ್ನೋಕೇನು ಅವ್ನಿಗೆ ರೋಗ?"

ಮೂವರೂ ನಕ್ಕೆವು. ಅಣ್ಣ ಅಲ್ಲಿಂದಲೇ ಕೂಗಿದ, ಏನದು ಗಲಾಟೆ, ಸ್ಕ್ರೂ ಬಿದ್ದುಹೋಯ್ತು ಅಂತ.

ಮಾರ್ಚ್ 21, ಬೆಳಗ್ಗೆ 5.50

ರೀಸನಿಂಗಿನಲ್ಲಿ ನನಗೆ ಹತ್ತೊಂಬತ್ತು. ಅತ್ತಿಗೆಗೆ ಇಪ್ಪತ್ತಮೂರು. ಎಲ್ಲ ವಿಷಯ ಸೇರಿಸಿದರೆ ನಮ್ಮಿಬ್ಬರದು ಒಂದೆರಡು ಮಾರ್ಕು ಆಚೆ ಈಚೆ, ಅಷ್ಟೇ. ಅವರ ಗಣಿತವೂ ಸುಧಾರಿಸಿದೆ. ಹೇಳಿಕೊಟ್ಟಿದ್ದು ನಾನೇ.

ನಿನ್ನೆ ಲೈಬ್ರರಿಯಲ್ಲಿ ಎರಡು ಪುಸ್ತಕ ಸಿಕ್ಕವು. ಒಂದನ್ನು ಮೇಜಿನ ಮೇಲಿಟ್ಟೆ. ಇನ್ನೊಂದು ನನ್ನ ಬಟ್ಟೆಗಳ ಕೆಳಗಿದೆ. ಹೊಟ್ಟೆಕಿಚ್ಚು. ಬೇರೆ ಹೆಸರು ಹುಡುಕಿದೆ, ಸಿಗಲಿಲ್ಲ.

ಮೇ 5, ಸಂಜೆ

ಬರೆದಾಯಿತು. ಇಬ್ಬರಿಗೂ ಒಂದೇ ಸೆಂಟರ್, ಬೇರೆ ಬೇರೆ ಕೋಣೆ. ನಾವು ಬರುವವರೆಗೆ ಅಮ್ಮನ ಹತ್ತಿರ ಪಕ್ಕದ ಮನೆಯ ಟೀಚರ್ ಬಂದು ಕೂತಿದ್ದರು. ಪಾಪ, ಭಾನುವಾರ ಪೂರ್ತಿ ಹಾಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತಿಗೆ ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ದುಂಡು ಮೇಜಿನ ಐದು ಪ್ರಶ್ನೆ ಬಂದಿತ್ತಲ್ಲ, ಹಬ್ಬ ನಿಮಗೆ, ಅಂದೆ. "ಟೈಮ್ ಸಾಲ್ಲಿಲ್ಲ," ಅಂದರು. ನನಗೆ ಖುಷಿಯಾಯಿತು. ಮುಖ ಆ ಕಡೆ ತಿರುಗಿಸಬೇಕಾಯಿತು.

ಜೂನ್ 11

ನನಗೆ 78. ಅತ್ತಿಗೆಗೆ 74. ಕಟ್ ಆಫ್ 70. ಇಬ್ಬರ ನಂಬರೂ ಲಿಸ್ಟಿನಲ್ಲಿದೆ. 14ನೇ ತಾರೀಖು ಮಧ್ಯಾಹ್ನ ಒಂದು ಗಂಟೆಯೊಳಗೆ ಸೀಟು ಕನ್‌ಫರ್ಮ್ ಮಾಡಬೇಕು.

ಅಮ್ಮ ಅತ್ತಳು. ಅಣ್ಣ ಬೆನ್ನು ತಟ್ಟಿದ. ಅತ್ತಿಗೆ ನನ್ನ ಹತ್ತಿರವೇ ಪೆನ್ನು ಕೇಳಿ ತೆಗೆದುಕೊಂಡು ರಾಜೀನಾಮೆ ಪತ್ರ ಬರೆದರು. ದುಂಡಗಿನ ಅಕ್ಷರ, ಒಂದೂ ಹೊಡೆದುಹಾಕಿಲ್ಲ. ಹನ್ನೊಂದು ವರ್ಷದ ಸರ್ವಿಸ್ಸು ನಾಲ್ಕು ಸಾಲಿನಲ್ಲಿ ಮುಗಿಯಿತು.

ಜೂನ್ 13, ಬೆಳಗ್ಗೆ 10.30

ನನ್ನ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಹುಡುಕುತ್ತ ಅತ್ತಿಗೆಯ ಫೈಲು ತೆಗೆದೆ. ಅವರ ಪ್ರಶ್ನೆಪತ್ರಿಕೆ ಸಿಕ್ಕಿತು. ಅದರೊಳಗೆ ಉತ್ತರ ಹಾಳೆಯ ಕಾರ್ಬನ್ ಪ್ರತಿ.

ದುಂಡು ಮೇಜಿನ ಪುಟದಲ್ಲಿ ಪೆನ್ಸಿಲ್ ಚಿತ್ರ. ಎಂಟು ಜನ, ಎಂಟೂ ಸರಿಯಾದ ಜಾಗದಲ್ಲಿ. ಐದು ಪ್ರಶ್ನೆಗಳ ಪಕ್ಕ ಉತ್ತರದ ನಂಬರು: 2, 4, 1, 1, 2. ಸರಿಯುತ್ತರಗಳ ಕೀ ಜೊತೆ ತಾಳೆ ನೋಡಿದೆ. ಐದಕ್ಕೆ ಐದೂ ಸರಿ.

ಕಾರ್ಬನ್ ಪ್ರತಿಯಲ್ಲಿ ಅದೇ ಐದು ಪ್ರಶ್ನೆಗೆ 3, 3, 3, 3, 3. ಗೆರೆ ಎಳೆದ ಹಾಗೆ ಒಂದರ ಕೆಳಗೊಂದು.

74ಕ್ಕೆ 5 ಕೂಡಿಸಿದರೆ 79.

ಮಡಚಿ ಇದ್ದಲ್ಲೇ ಇಟ್ಟುಬಿಡೋಣ ಅನ್ನಿಸಿತು. ಇಟ್ಟೆ ಕೂಡ. ಫೈಲು ಮುಚ್ಚಿದೆ. ಒಂದು ಗಂಟೆ ಹಾಗೇ ಇದ್ದೆ. ನಾಚಿಕೆಯಾಗುತ್ತಿದೆ.

ಜೂನ್ 13, ಮಧ್ಯಾಹ್ನ 2.50

ಕೇಳಿದೆ. ಅಡುಗೆಮನೆಯಲ್ಲಿ, ಹಾಳೆ ಮುಂದೆ ಹಿಡಿದು.

"ನಿದ್ದೆ ಬಂದಿತ್ತು," ಅಂದರು.

"ಐದಕ್ಕೂ ಮೂರೇ ಹಾಕೋಷ್ಟು ನಿದ್ದೆನಾ?"

ಸ್ವಲ್ಪ ಹೊತ್ತು ನಲ್ಲಿ ಬಿಟ್ಟು ಪಾತ್ರೆ ತೊಳೆದರು. ತೊಳೆದಿದ್ದ ಪಾತ್ರೆಯನ್ನೇ.

"ನಂಗೆ ಹೋಗೋದು ಬೇಡ ಅಂತ ಅಲ್ಲ ಕಣೇ. ಬೇಕಿತ್ತು. ತುಂಬಾನೇ ಬೇಕಿತ್ತು. ಆದ್ರೆ ನೀನು ಮೂರು ವರ್ಷದಿಂದ ಒದ್ದಾಡ್ತಿದೀಯ. ನಾನು ನಡುವೆ ನುಗ್ಗಿ ಸೀಟ್ ಹೊಡ್ಕೊಂಡ್ ಹೋಗಿ, ಆಮೇಲೆ ವಾಪಸ್ ಬಂದು ಜೀವನ ಪೂರ್ತಿ ನಿನ್ ಮುಖ ನೋಡ್ಬೇಕಲ್ಲ."

"ಈಗ ನಾನ್ ನಿಮ್ಮ ಮುಖ ನೋಡ್ಬೇಕಾಗಲ್ವಾ?"

"ನೀನು ಫೈಲು ತೆಗೀತೀಯ ಅಂತ ನಂಗೇನ್ ಗೊತ್ತಿತ್ತು?"

ಸಿಟ್ಟು ಬಂತು. ನನಗೆ ಭಿಕ್ಷೆ ಹಾಕಿದ್ದಕ್ಕೆ. ಆ ಬಸ್ಸಿನಲ್ಲಿ ನಾನು ಖುಷಿಪಟ್ಟಿದ್ದಕ್ಕೆ. ಬಟ್ಟೆಗಳ ಕೆಳಗಿನ ಪುಸ್ತಕದ ವಿಷಯ ಹೇಳಿದೆ. ಅವರಿಗೆ ಗೊತ್ತಿತ್ತಂತೆ. ನಾನು ಅಂಗಡಿಗೆ ಹೋದ ಮೇಲೆ ದಿನಾ ತೆಗೆದು ಓದುತ್ತಿದ್ದರಂತೆ.

ಜೂನ್ 14, ಬೆಳಗ್ಗೆ 11.20

ರಜೆ ಹಾಕಿದ್ದೇನೆ. ಅಣ್ಣನ ನಿಯಮದ ಪ್ರಕಾರ ಹೋಗಬೇಕಾದವರು ಅತ್ತಿಗೆ. ಒಂದು ಹಾಳೆ ತೆಗೆದುಕೊಂಡು ಬರೆಯುತ್ತ ಕೂತೆ. ಅವರು ಹೋದರೆ ನಾನು ಉಳಿಯಬೇಕು. ನಾನು ಹೋದರೆ ಅವರು. ಇಬ್ಬರೂ ಹೋದರೆ ಅಮ್ಮನ ಜೊತೆ ಯಾರೂ ಇಲ್ಲ.

ಅಷ್ಟರಲ್ಲಿ ಮುಂದಿನ ಕೋಣೆಯಿಂದ ಅಣ್ಣ ಕೂಗಿದ, ಒಂದು ಲೋಟ ನೀರು ಕೊಡೇ ಅಂತ. ಕೊಟ್ಟು ಬಂದೆ. ಬರುವಾಗ ಹೆಜ್ಜೆ ಎಣಿಸಿದೆ. ಅವನ ಸ್ಟೂಲಿನಿಂದ ಅಮ್ಮನ ಮಂಚಕ್ಕೆ ಹನ್ನೊಂದು.

ಬೆಳಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ಅಲ್ಲೇ ಕೂತಿರುತ್ತಾನೆ. ಪರೀಕ್ಷೆಯ ದಿನ ಟೀಚರ್ ಬಂದು ಅಮ್ಮನ ಹತ್ತಿರ ಕೂತಾಗಲೂ ಅಲ್ಲೇ ಇದ್ದ. ಅವನೂ ಇದ್ದಾನೆ ಅಂತ ಯಾರೂ ಹೇಳಲಿಲ್ಲ. ಅವನೂ ಹೇಳಲಿಲ್ಲ, ಅತ್ತಿಗೆಯೂ ಹೇಳಲಿಲ್ಲ. ಆರು ತಿಂಗಳು ದಿನಾ ರೀಸನಿಂಗ್ ಮಾಡಿದ ನನಗೂ ಹೊಳೆಯಲಿಲ್ಲ. ನಗು ಬರುತ್ತಿದೆ. ಅಳುವೂ.

12.35

ನನ್ನ ಸೀಟು ಕನ್‌ಫರ್ಮ್ ಮಾಡಿದೆ. ಆಮೇಲೆ ಅತ್ತಿಗೆಯ ನಂಬರು ಹಾಕಿದೆ. ಓಟಿಪಿ ಅವರ ಫೋನಿಗೆ ಹೋಯಿತು. ಡಿಪೋದಿಂದ ತಕ್ಷಣ ಕರೆ.

"ಏನ್ ಓಟಿಪಿ ಇದು?"

"ಹೇಳಿ ಅತ್ತಿಗೆ. ಹತ್ತು ನಿಮಿಷಕ್ಕೆ ಸತ್ತುಹೋಗತ್ತೆ ಅದು."

"ಮತ್ತೆ ನಿಂದು?"

"ನಂದೂ ಆಯ್ತು."

ಆ ಕಡೆ ಬಸ್ಸು ರಿವರ್ಸ್ ತೆಗೆಯುವ ಶಬ್ದ.

"ನಿಮ್ಮಣ್ಣಂಗೆ ಹೇಳಿದ್ಯಾ?"

"ಇಲ್ಲ. ರಾಜೀನಾಮೆ ಕೊಟ್ರಾ?"

"ಬ್ಯಾಗಲ್ಲೇ ಇದೆ."

"ಹರಿಬೇಡಿ. ಹೇಗೂ ಬೇಕಾಗತ್ತೆ."

ಎರಡೆರಡೇ ಅಂಕಿ ಹೇಳಿದರು. ಕೊನೆಯ ಎರಡನ್ನು ಇನ್ನೊಂದು ಸಲ ಹೇಳಿದರು.

1.15

ಅಣ್ಣ ಊಟಕ್ಕೆ ಒಳಗೆ ಬಂದ. ಒಂದೇ ಉಸಿರಿಗೆ ಹೇಳಿಬಿಟ್ಟೆ. ಮೊದಲು ಗೋಡೆಯ ಗಡಿಯಾರ ನೋಡಿದ. ಒಂದು ದಾಟಿತ್ತು.

"ಇಬ್ರೂನಾ?"

"ಇಬ್ರೂ."

"ಮತ್ತೆ ಅಮ್ಮನ್ನ ಯಾರು..." ಅಂದವನು ಅಲ್ಲಿಗೇ ನಿಲ್ಲಿಸಿದ.

ಅಮ್ಮ ಎಲ್ಲ ಕೇಳಿಸಿಕೊಂಡಿದ್ದಾಳೆ. ಈಗ ವಾಕರ್ ಹತ್ತಿರಕ್ಕೆ ಎಳೆದುಕೊಂಡಳು. ಬಾತ್‌ರೂಮಿಗೆ ಹೋಗಬೇಕಂತೆ. ನನ್ನ ಕಡೆ ನೋಡಲಿಲ್ಲ. ಕೈ ಚಾಚಿದ್ದು ಅವನ ಕಡೆ.

ಏಳಬಾರದು ಅಂತಲೇ ಇದನ್ನು ಬರೆಯುತ್ತ ಕೂತಿದ್ದೇನೆ. ಅಮ್ಮನ ಕೈ ಇನ್ನೂ ಹಾಗೇ ಇದೆ. ಅಣ್ಣ ನನ್ನನ್ನು ನೋಡುತ್ತಿದ್ದಾನೆ, ಗೊತ್ತಾಗುತ್ತಿದೆ. ತಲೆ ಎತ್ತುವುದಿಲ್ಲ. ಈಗ ಅವನ ಹೆಜ್ಜೆ ಸಪ್ಪಳ —